ಯಾರ ಮುಖ ನೋಡಿ ಎದ್ದೆವು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಸಭೆ ಅಂದರೆ ನಮಗೆಲ್ಲಾ ಮೊದಲು ನೆನಪಾಗೋದು ಉಳಿತಾಯ, ಸಾಲ, ಕಂತು, ಬಡ್ಡಿ, ಪಾಸ್‌ಬುಕ್ಕು. ಇವೆಲ್ಲಾ ಬೇಕು, ಬೇಡ ಅನ್ನೋದಿಲ್ಲ. ಆದರೆ ಇವತ್ತು ಲೆಕ್ಕದ ಪುಸ್ತಕ ತೆರೆಯುವ ಮೊದಲು, ನಮ್ಮ ದಿನ ಹೇಗೆ ತೆರೆದುಕೊಳ್ಳುತ್ತದೆ ಅನ್ನುವುದರ ಬಗ್ಗೆ ನಾಲ್ಕು ಮಾತು ಆಡೋಣ.

ಹಾಲು ಉಕ್ಕಿ ಹೋಯ್ತು, ಬಸ್ಸು ತಪ್ಪಿತು, ಬ್ಯಾಂಕಿಗೆ ಹೋದರೆ ಸರ್ವರ್ ಇಲ್ಲ ನಾಳೆ ಬನ್ನಿ ಅಂದರು. ತಕ್ಷಣ ನಮ್ಮ ಬಾಯಿಗೆ ಬರೋ ಮಾತು ಯಾವುದು? "ಇವತ್ತು ಯಾರ ಮುಖ ನೋಡಿ ಎದ್ನೋ!"

ಹೀಗೆ ಕೇಳುವವರು ನಾವು. ಆದರೆ ಒಂದು ಗಳಿಗೆ ಯೋಚನೆ ಮಾಡೋಣ. ನಮ್ಮ ಮನೆಯ ಮಗು ಕಣ್ಣು ಬಿಟ್ಟಾಗ ಮೊದಲು ಕಾಣೋದು ಯಾರ ಮುಖ? ಹಾಸಿಗೆ ಹಿಡಿದ ಅತ್ತೆಗೆ ಕಾಫಿ ಲೋಟದ ಜೊತೆ ಕಾಣೋದು ಯಾರ ಮುಖ? ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತ ಪಕ್ಕದ ಮನೆಯವಳಿಗೆ, ಡೈರಿಯಲ್ಲಿ ಹಾಲು ಅಳೆಯುವ ಹುಡುಗನಿಗೆ ಕಾಣೋದು ಯಾರ ಮುಖ? ನಮ್ಮದೇ. ನಾವು ಯಾರ ಮುಖ ನೋಡಿ ಎದ್ದೆವು ಅನ್ನೋದಕ್ಕಿಂತ, ನಮ್ಮ ಮುಖ ನೋಡಿ ಎದ್ದವರ ದಿನ ಹೇಗಾಯ್ತು ಅನ್ನೋದು ದೊಡ್ಡ ಪ್ರಶ್ನೆ.

ಈ ಮಾತಿನೊಳಗೆ ಒಂದು ಮುಳ್ಳೂ ಇದೆ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಎದುರು ಬಂದರೆ ಅಪಶಕುನ ಅಂತ ತಿರುಗಿ ಮನೆಗೆ ಹೋಗುವವರು ಇನ್ನೂ ಇದ್ದಾರೆ. ನಮ್ಮ ಸಂಘಗಳಲ್ಲಿ ಎಷ್ಟೋ ಮಂದಿ ವಿಧವೆಯರಿದ್ದಾರೆ. ಒಬ್ಬಂಟಿಯಾಗಿ ದುಡಿದು ಮಕ್ಕಳನ್ನು ಓದಿಸುತ್ತಾ, ಒಂದು ವಾರವೂ ಉಳಿತಾಯ ತಪ್ಪಿಸದವರು ಅವರು. ಅಂಥವರು ಬೆಳಿಗ್ಗೆ ಎದುರು ಬಂದಾಗ ಮುಖ ತಿರುಗಿಸಿದರೆ ಅವರಿಗೆ ಹೇಗಾಗಬೇಕು? ಲೂಕನ ಶುಭಸಂದೇಶದಲ್ಲಿ ಅನ್ನಾ ಎಂಬ ವಿಧವೆಯ ಸಂಗತಿ ಬರುತ್ತದೆ. ಮದುವೆಯಾಗಿ ಏಳು ವರ್ಷ ಮಾತ್ರ ಗಂಡನ ಜೊತೆ ಬಾಳಿದವಳು, ವಯಸ್ಸು 84. ಮರಿಯಮ್ಮ ಮತ್ತು ಜೋಸೆಫರು ಬಾಲಯೇಸುವನ್ನು ದೇವಾಲಯಕ್ಕೆ ತಂದಾಗ, ಆ ಮಗುವಿನ ಮುಖ ನೋಡಿ ದೇವರನ್ನು ಕೊಂಡಾಡಿ, ಬಂದವರಿಗೆಲ್ಲಾ ಮಗುವಿನ ವಿಷಯ ಹೇಳಿದವಳು ಈ ಅಜ್ಜಿ. ದೇವರೇ ತನ್ನ ಮಗನ ಎದುರಿಗೆ ಒಬ್ಬ ವಿಧವೆಯನ್ನು ತಂದು ನಿಲ್ಲಿಸಿದ್ದಾನೆ. ಇನ್ನು ಅಪಶಕುನ ಎಲ್ಲಿಂದ ಬಂತು?

ಹಾಗಾದರೆ ನಮ್ಮ ಮುಖ ನೋಡಿದವರಿಗೆ ಒಳ್ಳೆಯದಾಗಲು ಏನು ಬೇಕು? ಮೂರು ಬೇಕು: ವಿಶ್ವಾಸ, ಸಂತೋಷ, ದಯೆ. ಈ ಮೂರೂ ಒಂದರ ಹಿಂದೆ ಒಂದು ಬರುತ್ತವೆ.

ಮೊದಲು ವಿಶ್ವಾಸ

ನಾವು ಕ್ರೈಸ್ತರು ನಂಬಿಕೆಗೆ ವಿಶ್ವಾಸ ಅನ್ನುತ್ತೇವೆ. ಈ ಪದ ಸಂಘದವರಿಗೆ ಹೊಸದಲ್ಲ. 1980ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲಿ ಇಂಥ ಗುಂಪುಗಳು ಬೆಳೆದವು. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಆಗ ಬಡ ಹೆಂಗಸರ ಹತ್ತಿರ ಅಡವಿಡಲು ಏನಿತ್ತು? ಜಮೀನಿನ ಪಹಣಿ ಗಂಡಸರ ಹೆಸರಲ್ಲಿ, ಚಿನ್ನ ಮೊದಲೇ ಮಾರ್ವಾಡಿ ಅಂಗಡಿಯಲ್ಲಿ. ಇದ್ದದ್ದು ಒಬ್ಬರ ಮೇಲೆ ಒಬ್ಬರಿಗಿದ್ದ ವಿಶ್ವಾಸ. ಆ ವಿಶ್ವಾಸವನ್ನೇ ಅಡವಿಟ್ಟು ಸಾಲ ಸಿಕ್ಕಿತು. ದೇವರ ಮೇಲಿನ ವಿಶ್ವಾಸವೂ ಹೀಗೇ. ನಾಳೆ ಏನಾಗುತ್ತೋ ಗೊತ್ತಿಲ್ಲ, ಕೈಯಲ್ಲಿ ಏನೂ ಇಲ್ಲ, ಆದರೂ ಅವನು ಕೈಬಿಡೋದಿಲ್ಲ ಅಂತ ಎದ್ದು ನಿಲ್ಲುತ್ತೇವಲ್ಲ, ಅದೇ ವಿಶ್ವಾಸ.

"ಪ್ರಾರ್ಥನೆಗೆ ನಮಗೆ ಟೈಮ್ ಎಲ್ಲಿದೆ ಸಿಸ್ಟರ್? ಎದ್ದ ಕೂಡಲೆ ಕೆಲಸ" ಅಂತ ನೀವು ಹೇಳ್ತೀರಿ. ನಿಜವೇ. ಆದರೆ ಯೇಸುಸ್ವಾಮಿಯ ಒಂದು ದಿನ ನೋಡಿ. ಮಾರ್ಕನ ಶುಭಸಂದೇಶದ ಮೊದಲನೇ ಅಧ್ಯಾಯದಲ್ಲಿದೆ. ಹಿಂದಿನ ಸಂಜೆ ಊರಿಗೆ ಊರೇ ರೋಗಿಗಳನ್ನು ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಂತಿತ್ತು. ಅಷ್ಟು ದಣಿದಿದ್ದರೂ ಅವರು ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡಿದರು. ಅಲ್ಲಿಗೂ ಪೇತ್ರ ಹುಡುಕಿಕೊಂಡು ಬಂದ, ಎಲ್ಲರೂ ಅವರನ್ನೇ ಕೇಳುತ್ತಿದ್ದಾರೆ ಅಂತ ಹೇಳಿದ. ನಮ್ಮ ಮನೆಯ ಹಾಗೇ ಅಲ್ವಾ? ಐದು ನಿಮಿಷ ಕೂತರೆ "ಅಮ್ಮಾ, ಸಾಕ್ಸ್ ಎಲ್ಲಿ?" "ಏ ಇವಳೇ, ನೀರು ಕಾದಿದೆಯಾ?" ಯೇಸುವಿಗೂ ಆ ಕಾಟ ಇತ್ತು. ಆದರೆ ಜನ ಕರೆಯೋ ಮೊದಲು ಅವರು ತಂದೆಯ ಜೊತೆ ಮಾತಾಡಿ ಮುಗಿಸಿದ್ದರು. ಅಲ್ಲಿಂದ ಎದ್ದು ಮತ್ತೆ ಜನರ ನಡುವೆಯೇ ಹೋದರು.

ಕೆಲಸವನ್ನೇ ಪ್ರಾರ್ಥನೆ ಮಾಡುವ ದಾರಿಯೂ ಇದೆ. 1844ರಲ್ಲಿ ಫ್ರಾನ್ಸ್ ದೇಶದ ವಾಲ್ಸ್ ಎಂಬ ಊರಿನಲ್ಲಿ ಯೇಸುಸಭೆಯ ಯುವಕರು ಗುರುಗಳಾಗಲು ಓದುತ್ತಿದ್ದರು. ದೂರ ದೇಶಗಳಿಗೆ ಹೋಗಿ ಸೇವೆ ಮಾಡಬೇಕೆಂದು ಅವರಿಗೆ ಅವಸರ, ದಿನದಿನದ ಓದು ಅಂದರೆ ಬೇಸರ. ಆಗ ಅವರ ಮಾರ್ಗದರ್ಶಿ ಫಾದರ್ ಗೊತ್ರೆಲೆಯವರು ಒಂದು ಉಪಾಯ ಹೇಳಿಕೊಟ್ಟರು. ಈಗ ಮಾಡುತ್ತಿರುವ ಓದು, ಚಿಕ್ಕಪುಟ್ಟ ಕೆಲಸ, ಕಷ್ಟ, ಎಲ್ಲವನ್ನೂ ಪ್ರತಿದಿನ ಬೆಳಿಗ್ಗೆ ದೇವರಿಗೆ ಅರ್ಪಿಸಿಬಿಡಿ, ಅದೇ ನಿಮ್ಮ ಸೇವೆ ಆಗುತ್ತದೆ ಅಂದರು. ಅಲ್ಲಿಂದ ಬೆಳೆದದ್ದೇ ಬೆಳಗಿನ ಅರ್ಪಣೆಯ ಪ್ರಾರ್ಥನೆ. ಇಂದು ಲೋಕದ ಎಲ್ಲಾ ಕಡೆ ಕಥೋಲಿಕರು ಇದನ್ನು ಹೇಳುತ್ತಾರೆ. ಕಸ ಗುಡಿಸೋದು, ರೊಟ್ಟಿ ತಟ್ಟೋದು, ದನದ ಕೊಟ್ಟಿಗೆ ಬಾಚೋದು, ಕಾಫಿ ಹಣ್ಣು ಕೊಯ್ಯೋದು, ಗಾರ್ಮೆಂಟ್ಸ್‌ನಲ್ಲಿ ಮಿಷನ್ ತುಳಿಯೋದು, ಒಂದನ್ನೂ ಬಿಡಬೇಡಿ. "ದೇವರೇ, ಇವತ್ತಿನ ನನ್ನ ಕೆಲಸ, ನನ್ನ ಸಂತೋಷ, ನನ್ನ ನೋವು, ಎಲ್ಲಾ ನಿನಗೆ" ಅಂತ ಒಂದು ಮಾತು ಹೇಳಿದರೆ ಸಾಕು. ಅರ್ಧ ನಿಮಿಷದ ಕೆಲಸ.

ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದವರೂ ಇದ್ದೀರಿ. ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬಿಡುವವರು, ಫಜರ್ ನಮಾಜಿಗೆ ಏಳುವವರು, ಶಿಲುಬೆಯ ಗುರುತು ಹಾಕಿ ಏಳುವವರು, ಎಲ್ಲರೂ ಒಂದೇ ಚಾಪೆಯ ಮೇಲೆ ಕೂತಿದ್ದೀರಿ. ನಾವು ನಮ್ಮ ಮನೆಯ ದೀಪದ ವಿಷಯ ಹೇಳುತ್ತಿದ್ದೇವೆ. ನೀವು ನಿಮ್ಮ ಮನೆಯ ದೀಪ ಹಚ್ಚಿ.

ಆಮೇಲೆ ಸಂತೋಷ

ಸಂತೋಷ ಅಂದರೆ ಕಷ್ಟ ಇಲ್ಲದಿರುವುದು ಅಂತ ತಿಳಿದರೆ, ನಮಗೆ ಯಾರಿಗೂ ಸಂತೋಷ ಸಿಗೋದಿಲ್ಲ. ಸಂತ ಪೌಲರು ಫಿಲಿಪ್ಪಿಯ ಕ್ರೈಸ್ತರಿಗೆ ಸಂತೋಷವಾಗಿರಿ ಅಂತ ಮತ್ತೆ ಮತ್ತೆ ಬರೆದದ್ದು ಸೆರೆಮನೆಯಲ್ಲಿ ಕೂತು. ಕೈಗೆ ಬೇಡಿ ಇತ್ತು, ಮುಂದೆ ಬದುಕೋ ಸಾವೋ ಗೊತ್ತಿರಲಿಲ್ಲ. ಆದರೂ ಅವರ ಪತ್ರದಲ್ಲಿ ಗೊಣಗಾಟ ಇಲ್ಲ. ಕಷ್ಟದಲ್ಲೂ ನಾನು ಒಬ್ಬಳೇ ಅಲ್ಲ, ದೇವರು ನನ್ನ ಜೊತೆ ಇದ್ದಾನೆ ಅನ್ನೋ ಧೈರ್ಯವೇ ಕ್ರೈಸ್ತರ ಸಂತೋಷ.

ಮಾತೆ ಮರಿಯಮ್ಮನವರನ್ನು ನೋಡಿ. ದೇವದೂತನ ಮಾತು ಕೇಳಿ ನಂಬಿದರು, ಅದು ವಿಶ್ವಾಸ. ಮನಸ್ಸು ತುಂಬಿ ಹಾಡಿದರು, ಅದು ಸಂತೋಷ. ಆದರೆ ಈ ಎರಡರ ನಡುವೆ ಅವರು ಏನು ಮಾಡಿದರು? ತಡಮಾಡದೆ ಬೆಟ್ಟದ ಸೀಮೆಗೆ ಹೊರಟರು. ಅಲ್ಲಿ ವಯಸ್ಸಾದ ಮೇಲೆ ಬಸುರಿಯಾದ ಎಲಿಜಬೇತಮ್ಮ ಇದ್ದರು. ಮರಿಯಮ್ಮ ಅವರ ಜೊತೆ ಸುಮಾರು ಮೂರು ತಿಂಗಳು ಉಳಿದರು. ತಾನೂ ಬಸುರಿ, ತನಗೂ ಹೆದರಿಕೆ ಇದ್ದೀತು. ಆದರೂ ಕಾಲು ಮೊದಲು ಹೋದದ್ದು ಇನ್ನೊಬ್ಬ ಹೆಂಗಸಿನ ಮನೆಗೆ. ಆ ಹಾಡು ಹುಟ್ಟಿದ್ದು ಎಲಿಜಬೇತಮ್ಮನ ಮನೆಯಲ್ಲೇ. ಒಬ್ಬಳೇ ಕೋಣೆಯಲ್ಲಿ ಕೂತು ಸಂತೋಷ ಬರಲಿ ಅಂತ ಕಾಯಬೇಡಿ. ಎಷ್ಟೋ ಸಲ ಅದು ಇನ್ನೊಬ್ಬರ ಬಾಗಿಲಲ್ಲಿ ನಮಗಾಗಿ ಕಾಯುತ್ತಿರುತ್ತದೆ.

ಕೆಲವು ಬೆಳಿಗ್ಗೆ ಏನೂ ಬರೋದಿಲ್ಲ, ಅದೂ ನಮಗೆ ಗೊತ್ತು. ರಾತ್ರಿಯೆಲ್ಲಾ ಮಗುವಿಗೆ ಜ್ವರ, ಬೆಳೆ ಹೋಯ್ತು, ತೀರಿಕೊಂಡವರ ನೆನಪು. ಅಂಥ ದಿನ ನಗುಮುಖ ಹಾಕಿಕೊಂಡು ನಾಟಕ ಆಡಬೇಕಿಲ್ಲ. ಬೈಬಲಿನ ಕೀರ್ತನೆಗಳಲ್ಲಿ ಅಳುವ ಕೀರ್ತನೆಗಳು, ದೇವರನ್ನೇ ಪ್ರಶ್ನೆ ಮಾಡುವ ಕೀರ್ತನೆಗಳು ಬೇಕಾದಷ್ಟಿವೆ. ಅಳುವೂ ಪ್ರಾರ್ಥನೆಯೇ. ಆ ದಿನ ಪಕ್ಕದ ಅಕ್ಕನಿಗೆ "ನಂಗೆ ಇವತ್ತು ಮನಸ್ಸು ಸರಿಯಿಲ್ಲ ಕಣಕ್ಕಾ" ಅಂತ ಹೇಳಿ. ಅವರ ದಯೆಗೆ ಒಂದು ಅವಕಾಶ ಕೊಡಿ.

ಸಂತೋಷದ ಬೆನ್ನಿಗೆ ದಯೆ

ಬಾಲಯೇಸುವಿನ ಸಂತ ತೆರೇಸಾ ಅಂದರೆ ನಮ್ಮ ಕ್ರೈಸ್ತ ತಾಯಂದಿರಿಗೆ ಬಲು ಪ್ರೀತಿ. 15ನೇ ವಯಸ್ಸಿಗೆ ಮಠ ಸೇರಿ, 1897ರಲ್ಲಿ 24ನೇ ವಯಸ್ಸಿಗೆ ಕ್ಷಯರೋಗದಿಂದ ತೀರಿಕೊಂಡವರು. ಊರೂರು ಸುತ್ತಿ ಭಾಷಣ ಮಾಡಿದವರಲ್ಲ, ದೊಡ್ಡ ಪವಾಡ ಮಾಡಿ ತೋರಿಸಿದವರಲ್ಲ. ಅವರ ಮಠದಲ್ಲಿ ಒಬ್ಬ ಸಿಸ್ಟರ್ ಇದ್ದರು. ಅವರ ಮಾತು, ನಡೆ, ಏನು ಕಂಡರೂ ತೆರೇಸಾಗೆ ಆಗುತ್ತಿರಲಿಲ್ಲ. ಆದರೆ ತೆರೇಸಾ ಅವರಿಗಾಗಿ ಪ್ರಾರ್ಥನೆ ಮಾಡಿದರು, ಎದುರು ಸಿಕ್ಕಾಗಲೆಲ್ಲಾ ನಕ್ಕರು, ಸಹಾಯ ಮಾಡಿದರು. ಕೊನೆಗೆ ಆ ಸಿಸ್ಟರೇ, ನನ್ನಲ್ಲಿ ನಿನಗೆ ಅಷ್ಟೊಂದು ಇಷ್ಟವಾದದ್ದು ಏನು ಅಂತ ಕೇಳಿದರಂತೆ! ಇಂಥ ಚಿಕ್ಕ ಕೆಲಸಗಳ ದಾರಿ ಕಲಿಸಿದ ಈ ಹುಡುಗಿಗೆ 1997ರಲ್ಲಿ ಧರ್ಮಸಭೆ ಅದರ ಮಹಾ ಪಂಡಿತರ ಸಾಲಿನಲ್ಲಿ ಸ್ಥಾನ ಕೊಟ್ಟಿತು.

ನಮ್ಮ ಸಂಘದಲ್ಲೂ ಹಾಗೇ ಅಲ್ವಾ? ಹದಿನೈದು, ಇಪ್ಪತ್ತು ಜನರಲ್ಲಿ ಒಬ್ಬಳ ಜೊತೆ ಮಾತ್ರ ನಮಗೆ ಆಗೋದಿಲ್ಲ. ಅವಳು ಬಂದು ಕೂತರೆ ನಾವು ಸರಿದು ಕೂರುತ್ತೇವೆ. ದಯೆ ಅಲ್ಲಿಂದಲೇ ಶುರುವಾಗಲಿ.

2025ರ ಏಪ್ರಿಲ್‌ನಲ್ಲಿ ನಿಧನರಾದ ಪೋಪ್ ಫ್ರಾನ್ಸಿಸ್ ಜಗದ್ಗುರುಗಳು 2018ರಲ್ಲಿ ಪವಿತ್ರ ಬಾಳಿನ ಬಗ್ಗೆ ಬರೆದ ಪತ್ರದಲ್ಲಿ, ನಮ್ಮಂಥ ಒಬ್ಬ ಹೆಂಗಸಿನ ಉದಾಹರಣೆ ಕೊಟ್ಟಿದ್ದಾರೆ. ಅವಳು ಪೇಟೆಗೆ ಹೋಗುತ್ತಾಳೆ, ನೆರೆಯವಳು ಸಿಗುತ್ತಾಳೆ, ಮಾತು ಬೇರೆಯವರ ಚಾಡಿಗೆ ತಿರುಗುತ್ತದೆ. ಇವಳು ಮನಸ್ಸಿನಲ್ಲೇ ಬೇಡ ಅಂದುಕೊಳ್ಳುತ್ತಾಳೆ. ಮನೆಗೆ ಬಂದಾಗ ಸುಸ್ತಾಗಿದ್ದರೂ ಮಗುವಿನ ಮಾತು ಕೂತು ಕೇಳುತ್ತಾಳೆ. ಚಿಂತೆ ಬಂದಾಗ ಜಪಸರ ಹಿಡಿಯುತ್ತಾಳೆ. ಹೊರಗೆ ಹೋದಾಗ ಬಡವನೊಬ್ಬ ಸಿಕ್ಕಿದರೆ ನಿಂತು ಒಂದು ಒಳ್ಳೆಯ ಮಾತಾಡುತ್ತಾಳೆ. ಇಷ್ಟೇ. ಇದೇ ಪವಿತ್ರ ಬಾಳಿನ ಮೆಟ್ಟಿಲು ಅಂತ ಅವರು ಹೇಳಿದರು.

ಕಂತು ಕಟ್ಟಲಾಗದವಳ ಬೆಳಿಗ್ಗೆ

ಈಗ ಒಂದು ಕಠಿಣ ವಿಷಯ. ಸಭೆಯ ದಿನ ಬೆಳಿಗ್ಗೆ ನಮ್ಮಲ್ಲಿ ಒಬ್ಬಳು ಭಯದಿಂದ ಏಳುತ್ತಾಳೆ. ಕಂತಿಗೆ ದುಡ್ಡು ಹೊಂದಿಲ್ಲ. ಗಂಡನಿಗೆ ಕೂಲಿ ಸಿಕ್ಕಿಲ್ಲ, ಅಥವಾ ಸಿಕ್ಕಿದ್ದು ಮನೆಗೆ ಬಂದಿಲ್ಲ. ಸಭೆಗೆ ಹೋದರೆ ಎಲ್ಲರ ಎದುರು ಮಾತು ಕೇಳಬೇಕು, ಹೋಗದಿದ್ದರೆ ಬಾಗಿಲಿಗೇ ಬರುತ್ತಾರೆ. ಆ ಅವಮಾನಕ್ಕೆ ಹೆದರಿ ಇನ್ನೊಂದು ಫೈನಾನ್ಸಿನಲ್ಲಿ ಸಾಲ ತೆಗೆದು ಈ ಕಂತು ಕಟ್ಟುವವರಿದ್ದಾರೆ, ಊರು ಬಿಟ್ಟವರಿದ್ದಾರೆ, ಜೀವವನ್ನೇ ಬೇಡ ಅಂದುಕೊಂಡವರೂ ಇದ್ದಾರೆ. ಸಾಲ ವಸೂಲಿಯ ಬಲವಂತ, ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹೊರಗಿನವರ ದಬ್ಬಾಳಿಕೆಗೆ ಕಾನೂನು ಇದೆ. ನಮ್ಮ ನಮ್ಮ ನಾಲಿಗೆಗೆ ಯಾವ ಕಾನೂನು? ಅದನ್ನು ಬೆಳಗಿನ ಪ್ರಾರ್ಥನೆಯೇ ಹಿಡಿಯಬೇಕು.

ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಒಂದು ಬೆಳಗಿನ ಸಂಗತಿ ಇದೆ. ಶಿಷ್ಯರು ರಾತ್ರಿಯೆಲ್ಲಾ ಬಲೆ ಬೀಸಿದರೂ ಒಂದು ಮೀನೂ ಸಿಗಲಿಲ್ಲ. ಬೆಳಗಾಗುವಾಗ ಪುನರುತ್ಥಾನರಾದ ಯೇಸು ದಡದಲ್ಲಿ ನಿಂತಿದ್ದರು. ಅವರು ಕೆಂಡ ಮಾಡಿ, ಅದರ ಮೇಲೆ ಮೀನು ಇಟ್ಟು, ರೊಟ್ಟಿ ಇಟ್ಟುಕೊಂಡು, ಬಂದು ತಿನ್ನಿ ಅಂತ ಕರೆದರು. ಅಲ್ಲಿ ಪೇತ್ರ ಇದ್ದ. ಕೆಲವೇ ದಿನಗಳ ಹಿಂದೆ ಇಂಥದ್ದೇ ಕೆಂಡದ ಮುಂದೆ ಚಳಿ ಕಾಯಿಸುತ್ತಾ, ಯೇಸು ಯಾರೋ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದವನು. ಕೊಟ್ಟ ಮಾತು ತಪ್ಪಿದವನು. ಯೇಸು ಎಲ್ಲರ ಮುಂದೆ ಅವನ ಲೆಕ್ಕ ತೆಗೆದರೇ? ಇಲ್ಲ. ಮೊದಲು ಊಟ ಕೊಟ್ಟರು. ಹೊಟ್ಟೆ ತುಂಬಿದ ಮೇಲೆ ಪ್ರಶ್ನೆ ಕೇಳಿದರು, ಮೂರು ಸಲ ಕೇಳಿದರು, ನೀನು ನನ್ನನ್ನು ಪ್ರೀತಿಸುತ್ತೀಯಾ ಅಂತ. ಆಮೇಲೆ ಅವನ ಕೈಗೇ ಜವಾಬ್ದಾರಿ ಒಪ್ಪಿಸಿದರು.

ಗಮನಿಸಿ, ಯೇಸು ಪ್ರಶ್ನೆ ಕೇಳದೆ ಬಿಡಲಿಲ್ಲ. ದಯೆ ಅಂದರೆ ಲೆಕ್ಕ ಬಿಟ್ಟುಬಿಡೋದು ಅಲ್ಲ. ಕಂತಿನ ದುಡ್ಡು ಹದಿನೈದು ಜನರ ಬೆವರು, ಅದು ವಾಪಸ್ ಬರಲೇಬೇಕು. ಆದರೆ ಮೊದಲು ಏನು, ಆಮೇಲೆ ಏನು ಅನ್ನೋದನ್ನು ಯೇಸು ತೋರಿಸಿಕೊಟ್ಟರು. ಒಬ್ಬಳು ಕಂತು ತಪ್ಪಿಸಿದರೆ, ಸಭೆಯಲ್ಲಿ ಕೂಗಾಡುವ ಮೊದಲು ಇಬ್ಬರು ಅವಳ ಮನೆಗೆ ಹೋಗಿ. ಒಲೆ ಹತ್ತಿದೆಯಾ ನೋಡಿ. ಕೂತು "ಏನಾಯ್ತಮ್ಮಾ?" ಅಂತ ಕೇಳಿ. ಅವಳಿಂದ ಎಷ್ಟು ಆಗುತ್ತೆ ತಿಳಿದುಕೊಂಡು, ಕಂತನ್ನು ಚಿಕ್ಕದು ಮಾಡುವ ವಿಷಯ ಸಭೆಯಲ್ಲಿ ಚರ್ಚಿಸಿ, ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಬೇಡ ಅಂತ ಹೇಳಿ. ಮುಂದಿನ ಸಭೆಗೆ ಜೊತೆಯಲ್ಲಿ ಕರೆದುಕೊಂಡು ಬನ್ನಿ. ಹೀಗೆ ಮಾಡಿದರೆ ಸಾಲವೂ ಉಳಿಯುತ್ತದೆ, ಸದಸ್ಯೆಯೂ ಉಳಿಯುತ್ತಾಳೆ.

ದಯೆ ಅಂದರೆ ಹೊಡೆತ ಸಹಿಸೋದಲ್ಲ

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ದಯೆ, ತಾಳ್ಮೆ, ಕ್ಷಮೆ ಅಂದ ಕೂಡಲೆ ಕೆಲವರು, ಗಂಡ ಹೊಡೆದರೂ ಸುಮ್ಮನೆ ಇರಬೇಕು ಅಂತ ತಿಳಿಯುತ್ತಾರೆ. ಖಂಡಿತ ಅಲ್ಲ. ನೀವೂ ದೇವರ ಮಗಳು. ನಿಮ್ಮ ಮೇಲೂ ನಿಮಗೆ ದಯೆ ಇರಬೇಕು. ಮನೆಯೊಳಗಿನ ಹಿಂಸೆ ತಡೆಯಲು 2005ರ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ. ಬೆಳಿಗ್ಗೆ ಒಬ್ಬ ಸದಸ್ಯೆಯ ಮುಖ ಊದಿಕೊಂಡಿದ್ದರೆ, "ಬಿದ್ದೆ" ಅಂತ ಅವಳು ಹೇಳಿದ್ದನ್ನು ನಂಬಿ ಮುಂದೆ ಹೋಗಬೇಡಿ. ಅವಳ ಹತ್ತಿರ ಕೂರಿ. ಆವತ್ತಿನ ದಯೆ ಅದೇ.

ನಾಳೆ ಬೆಳಿಗ್ಗೆ ಏನು ಮಾಡೋಣ?

ನೆನಪಿಡಲು ಸುಲಭವಾಗಲಿ ಅಂತ ಮೂರೇ ಕೆಲಸ ಹೇಳುತ್ತೇವೆ. ಮೊಬೈಲ್ ಮುಟ್ಟುವ ಮೊದಲು, ಕಾಲು ನೆಲಕ್ಕೆ ಇಡುವ ಮೊದಲು ಮಾಡಬಹುದು.

ಒಂದು: ಕಳೆದ ದಿನದ ಒಂದು ಒಳ್ಳೆಯದಕ್ಕೆ ದೇವರಿಗೆ ವಂದನೆ ಹೇಳಿ. ಮಗುವಿನ ಜ್ವರ ಇಳಿಯಿತು, ಮಳೆ ಬಂತು, ಯಾರೋ ಬಸ್ಸಿನಲ್ಲಿ ಸೀಟು ಬಿಟ್ಟರು, ಏನಾದರೂ ಇದ್ದೇ ಇರುತ್ತದೆ.

ಎರಡು: ಇವತ್ತಿನ ಕೆಲಸವನ್ನು ಅರ್ಪಿಸಿ.

ಮೂರು: ಒಂದು ಹೆಸರು ಹೇಳಿ. ಇವತ್ತು ನನ್ನ ದಯೆ ಯಾರಿಗೆ ಬೇಕು ಅಂತ ದೇವರನ್ನು ಕೇಳಿ, ಆ ಒಬ್ಬರ ಹೆಸರು ಮನಸ್ಸಿನಲ್ಲಿ ಹೇಳಿ. ಅತ್ತೆ ಇರಬಹುದು, ಮಾತು ಬಿಟ್ಟ ಓರಗಿತ್ತಿ ಇರಬಹುದು, ಸಭೆಗೆ ಬಾರದ ಸದಸ್ಯೆ ಇರಬಹುದು. ದೀಪ ಹಚ್ಚುವ ಹೊತ್ತಿಗೆ ಅವರಿಗೆ ಒಂದು ಒಳ್ಳೆಯ ಮಾತಾದರೂ ತಲುಪಿರಲಿ. ಹೆಸರಿಲ್ಲದ ದಯೆ ಬಾಯಿಮಾತಾಗಿಯೇ ಉಳಿಯುತ್ತದೆ. ಹೆಸರು ಹೇಳಿದರೆ ಕಾಲು ಆ ಮನೆಯ ಕಡೆ ತಾನಾಗಿ ನಡೆಯುತ್ತದೆ.

ಒಂದು ತಿಂಗಳು ಹೀಗೆ ಮಾಡಿ ನೋಡಿ. ಹದಿನೈದು ಸದಸ್ಯೆಯರು ದಿನಕ್ಕೆ ಒಂದೊಂದು ಹೆಸರು ಹಿಡಿದರೆ, ತಿಂಗಳಿಗೆ 450 ಸಲ ನಮ್ಮ ಊರಿನಲ್ಲಿ ಯಾರಿಗೋ ಒಬ್ಬರಿಗೆ ಒಳ್ಳೆಯದಾಗುತ್ತದೆ. ಇದೂ ಉಳಿತಾಯವೇ. ಇದಕ್ಕೆ ಪಾಸ್‌ಬುಕ್ಕು ಬೇಡ, ದೇವರ ಹತ್ತಿರ ಲೆಕ್ಕ ಇರುತ್ತದೆ.

ಮುಂದಿನ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಐದು ನಿಮಿಷ ಇಟ್ಟುಕೊಳ್ಳಿ. ನೀವು ಮಾಡಿದ್ದನ್ನು ಹೇಳಬೇಡಿ, ನಿಮಗೆ ಇನ್ನೊಬ್ಬರು ಮಾಡಿದ ಒಳ್ಳೆಯದನ್ನು ಮಾತ್ರ ಹೇಳಿ. ಬಾರದೆ ಉಳಿದ ಸದಸ್ಯೆ ಯಾರು ಅಂತ ನೋಡಿ, ಮಾರನೇ ದಿನ ಬೆಳಿಗ್ಗೆ ಹೇಳಬೇಕಾದ ಹೆಸರು ಅಲ್ಲೇ ಸಿಗುತ್ತದೆ.

ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.